ದೂರದ ಊರಿನಿಂದ ತರಿಸಿದ ಮೊಟ್ಟೆಗಳಿಂದ ಬಾಂಟಮ್ ಕೋಳಿಮರಿ ಪಡೆಯುವ ವಿಧಾನ

ವಿಜಯಪುರ ನಗರ ಹಾಗೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ಹಿತ್ತಲಿನ ಕೋಳಿ ಸಾಕಾಣಿಕೆ ಕೈಗೊಂಡು, ಮರಿ ಮಾಡುವ ಮೊಟ್ಟೆಗಳನ್ನು (ತತ್ತಿಗಳನ್ನು) ಬೇರೆ ಊರುಗಳಿಂದ ಪಾರ್ಸೆಲ್ ಮೂಲಕ ತರಿಸಿಕೊಳ್ಳಲು ಇಚ್ಛಿಸುವ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹಣ ಪಾವತಿಸುವ ಮೊದಲು ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

ಬಾಂಟಮ್ ಎಂದರೆ ಗಿಡ್ಡ ಜಾತಿಯ ಕೋಳಿ. ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಈ ಹೆಸರು ಬಂದಿದೆ. ಇದರ ಮೊಟ್ಟೆ ಸಣ್ಣದು. ತೂಕ ಸಾಮಾನ್ಯವಾಗಿ 30ರಿಂದ 40 ಗ್ರಾಂ. ಕಡಿಮೆ ಜಾಗ, ಕಡಿಮೆ ಮೇವು ಸಾಕಾಗುವುದರಿಂದ ನಗರದ ಮನೆಗಳಿಗೂ ಹೊಂದುತ್ತದೆ.

1. ಮೊಟ್ಟೆಯ ಮೂಲ

ಅಂಗಡಿಯಲ್ಲಿ ದೊರೆಯುವ ಫಾರಂ ಮೊಟ್ಟೆಗಳಿಂದ ಮರಿ ಆಗುವುದಿಲ್ಲ. ಅಂತಹ ಫಾರಂಗಳಲ್ಲಿ ಹುಂಜಗಳನ್ನು ಇಡುವುದಿಲ್ಲ. ಬಾಂಟಮ್ ಮೊಟ್ಟೆಗಳು ಹೆಚ್ಚಾಗಿ ಹವ್ಯಾಸಿ ಸಾಕಾಣಿಕೆದಾರರಲ್ಲಿ ದೊರೆಯುತ್ತವೆ. ಅವರಿಂದ ಕೆಳಕಂಡ ವಿವರಗಳನ್ನು ಕೇಳಿ ಪಡೆಯತಕ್ಕದ್ದು.

ಅ) 8ರಿಂದ 10 ಹೇಂಟೆಗಳಿಗೆ ಒಂದು ಹುಂಜ ಇದೆಯೇ?
ಆ) ಮೊಟ್ಟೆ ಇಟ್ಟ ದಿನಾಂಕ ಯಾವುದು? ಪ್ರಯಾಣದ ಅವಧಿ ಸೇರಿ 7 ದಿನ ಮೀರದ ಮೊಟ್ಟೆಗಳೇ ಉತ್ತಮ.
ಇ) ತಾಯಿ ಕೋಳಿಗಳಿಗೆ ಪುಲ್ಲೋರಂ ರೋಗದ ಪರೀಕ್ಷೆ ಮಾಡಿಸಲಾಗಿದೆಯೇ? ಈ ರೋಗವು ಮೊಟ್ಟೆಯ ಮೂಲಕವೇ ಮರಿಗೆ ಬರುತ್ತದೆ.
ಈ) ಆ ಪ್ರದೇಶದಲ್ಲಿ ಹಕ್ಕಿಜ್ವರದ ನಿರ್ಬಂಧ ಜಾರಿಯಲ್ಲಿದೆಯೇ? ರೋಗ ದೃಢಪಟ್ಟ ಸ್ಥಳದ ಸುತ್ತ 10 ಕಿ.ಮೀ. ವ್ಯಾಪ್ತಿಯನ್ನು ಕಣ್ಗಾವಲು ವಲಯವೆಂದು ಘೋಷಿಸಿ, ಕೋಳಿ ಮತ್ತು ಮೊಟ್ಟೆಗಳ ಸಾಗಾಣಿಕೆಯನ್ನು ನಿರ್ಬಂಧಿಸಲಾಗುತ್ತದೆ.

ಅಂದಕ್ಕಿಂತ ಆದಾಯವೇ ಮುಖ್ಯವೆನ್ನುವವರಿಗೆ ಬಾಂಟಮ್‌ಗಿಂತ ಹಿತ್ತಲಿನ ಸುಧಾರಿತ ತಳಿಗಳು ಲೇಸು. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೋಳಿ ಸಂಶೋಧನಾ ನಿರ್ದೇಶನಾಲಯವು ಅಭಿವೃದ್ಧಿಪಡಿಸಿದ ವನರಾಜ, ಗ್ರಾಮಪ್ರಿಯ ಹಾಗೂ ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ಇವುಗಳಲ್ಲಿ ಮುಖ್ಯವಾದವು.

2. ತರಿಸುವ ಕಾಲ

ವಿಜಯಪುರ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ತಲುಪುವುದುಂಟು. ಮುಚ್ಚಿದ ವಾಹನದ ಒಳಗೆ ಇದಕ್ಕಿಂತಲೂ ಹೆಚ್ಚು. ಸುಮಾರು 25 ಡಿಗ್ರಿ ದಾಟಿದ ಶಾಖದಲ್ಲಿ ಮೊಟ್ಟೆಯೊಳಗಿನ ಭ್ರೂಣ ಅರೆಬರೆಯಾಗಿ ಬೆಳೆಯತೊಡಗಿ ಸಾಯುತ್ತದೆ. ಹೊರಗಿನಿಂದ ಮೊಟ್ಟೆ ಚೆನ್ನಾಗಿಯೇ ಕಾಣುತ್ತದೆ. ಹಾನಿ ತಿಳಿಯುವುದು ವಾರದ ನಂತರ. ಆದ್ದರಿಂದ ಮಾರ್ಚ್‌ನಿಂದ ಮೇ ಅಂತ್ಯದವರೆಗೆ ಮೊಟ್ಟೆ ತರಿಸದಿರುವುದು ಒಳಿತು. ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಉತ್ತಮವಾದುದು. ಆಗಲೂ ರಾತ್ರಿ ಸಾಗಿ ಬೆಳಿಗ್ಗೆ ತಲುಪುವ ವ್ಯವಸ್ಥೆ ಇರಲಿ.

3. ಪ್ಯಾಕಿಂಗ್

ಪ್ರತಿಯೊಂದು ಮೊಟ್ಟೆಯನ್ನು ಕಾಗದದಲ್ಲಿ ಸುತ್ತಿ, ಚೂಪು ತುದಿ ಕೆಳಗೆ ಬರುವಂತೆ ಟ್ರೇಯಲ್ಲಿಟ್ಟು, ಸುತ್ತಲೂ ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ತುಂಬಿಸಲು ತಿಳಿಸಬೇಕು. ಗಾಳಿಯಾಡದ ಪ್ಲಾಸ್ಟಿಕ್ ಚೀಲ ಬಳಸಬಾರದು. ಮೊಟ್ಟೆಗಳನ್ನು ತೊಳೆಯಬಾರದು, ತೊಳೆದರೆ ಚಿಪ್ಪಿನ ಮೇಲಿನ ರಕ್ಷಣಾ ಪದರ ಹೋಗಿ ರೋಗಾಣುಗಳು ಒಳಸೇರುತ್ತವೆ.

4. ಪಾರ್ಸೆಲ್ ಬಂದ ದಿನ

ಬಹುತೇಕ ನಷ್ಟ ಉಂಟಾಗುವುದು ಆತುರದಿಂದ. ಬಂದ ಕೂಡಲೇ ಮೊಟ್ಟೆಗಳನ್ನು ಕಾವಿಗೆ ಇಡಬಾರದು. ಬಿರುಕು ಬಿಟ್ಟವುಗಳನ್ನು ಬೇರ್ಪಡಿಸಿ, ಉಳಿದವುಗಳನ್ನು ಚೂಪು ತುದಿ ಕೆಳಗಿರುವಂತೆ ತಂಪಾದ ಕೋಣೆಯಲ್ಲಿ 12ರಿಂದ 24 ಗಂಟೆ ಅಲುಗಾಡಿಸದೆ ಇಡಬೇಕು. ಮನೆಯ ಫ್ರಿಜ್ ಇದಕ್ಕೆ ತಕ್ಕುದಲ್ಲ. ಅದರ ತಂಪು ಅತಿಯಾಗುತ್ತದೆ.

ಬಳಿಕ ಕತ್ತಲೆ ಕೋಣೆಯಲ್ಲಿ ಟಾರ್ಚ್ ಬೆಳಕಿನಿಂದ ದಪ್ಪ ತುದಿಯ ಗಾಳಿಚೀಲವನ್ನು ಪರೀಕ್ಷಿಸಬೇಕು. ದಾರಿಯ ಕುಲುಕಾಟದಿಂದ ಅದು ಸಡಿಲಗೊಂಡು ಗುಳ್ಳೆಯಂತೆ ಓಡಾಡುತ್ತಿದ್ದರೆ, ಅಂತಹ ಮೊಟ್ಟೆಗಳನ್ನು ಕಾವಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟು ಮೊದಲ 2 ದಿನ ತಿರುಗಿಸಬಾರದು.

5. ಕಾವು ಕೊಡುವುದು

ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಉಷ್ಣಾಂಶ 37.5 ಡಿಗ್ರಿ ಇರಬೇಕು. ಫ್ಯಾನ್ ಇಲ್ಲದಿದ್ದಲ್ಲಿ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು 38.5 ಡಿಗ್ರಿ ಇಡಬೇಕು. ದಿನಕ್ಕೆ ಕನಿಷ್ಠ 3 ಬಾರಿ ಮೊಟ್ಟೆ ತಿರುಗಿಸಿ, 18ನೆಯ ದಿನ ನಿಲ್ಲಿಸಬೇಕು. 7ನೆಯ ದಿನ ಟಾರ್ಚ್ ಬೆಳಕಿನಲ್ಲಿ ನೋಡಿ, ರಕ್ತನಾಳ ಕಾಣದ ಬರಡು ಮೊಟ್ಟೆಗಳನ್ನು ತೆಗೆಯಬೇಕು. ಸಾಮಾನ್ಯ ಕೋಳಿಮರಿ 21 ದಿನಕ್ಕೆ ಹೊರಬಂದರೆ ಬಾಂಟಮ್ ಮರಿಗಳು 19 ಅಥವಾ 20ನೆಯ ದಿನವೇ ಬರುವುದುಂಟು. ಆದುದರಿಂದ ಕೊನೆಯ ಹಂತದ ಸಿದ್ಧತೆಯನ್ನು ಒಂದು ದಿನ ಮುಂಚಿತವಾಗಿ ಮಾಡಿಕೊಳ್ಳಬೇಕು.

ತೇವಾಂಶವನ್ನು ಮೊದಲ 18 ದಿನ ಶೇ. 50ರ ಆಸುಪಾಸು, ಕೊನೆಯ 3 ದಿನ ಶೇ. 65ರಿಂದ 70ರಷ್ಟು ಕಾಯ್ದುಕೊಳ್ಳಬೇಕು. ತಿಕೋಟಾ ಭಾಗದಲ್ಲಿ ದ್ರಾಕ್ಷಿ ಒಣಗಿಸಲು ಅನುಕೂಲವಾದ ಅದೇ ಒಣಹವೆ ಮೊಟ್ಟೆಯ ತೇವವನ್ನೂ ಹೀರುತ್ತದೆ. ಇದನ್ನು ತಕ್ಕಡಿಯಿಂದ ತಿಳಿಯಬಹುದು. ಇಡುವಾಗ 350 ಗ್ರಾಂ ತೂಗಿದ 10 ಮೊಟ್ಟೆಗಳು 18ನೆಯ ದಿನ ಸುಮಾರು 305 ಗ್ರಾಂ ತೂಗಬೇಕು. ಅದಕ್ಕಿಂತ ಬಹಳ ಕಡಿಮೆಯಾಗಿದ್ದರೆ ನೀರಿನ ತಟ್ಟೆ ಸಾಲದಾಗಿದೆ ಎಂದರ್ಥ.

ವಿದ್ಯುತ್ ನಿಲುಗಡೆಯಾದಲ್ಲಿ ಮುಚ್ಚಳ ತೆರೆಯದೆ, ಗಾಳಿರಂಧ್ರ ಬಿಟ್ಟು ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಬೇಕು. ಅಲ್ಪಕಾಲದ ತಂಪಿಗಿಂತ ಅತಿಯಾದ ಶಾಖವೇ ಹೆಚ್ಚು ಅಪಾಯಕಾರಿ. ಕರೆಂಟಿನ ಭರವಸೆ ಇಲ್ಲದ ತೋಟದ ಮನೆಗಳಲ್ಲಿ ಕಾವಿಗೆ ಕುಳಿತ ಜವಾರಿ ಕೋಳಿಯೇ ನಂಬಿಕೆಯದು. ಒಂದು ಕೋಳಿಯ ಕೆಳಗೆ 10ರಿಂದ 12 ಮೊಟ್ಟೆ ಇಡಬಹುದು.

6. ಖರ್ಚಿನ ಲೆಕ್ಕ

ಮೊಟ್ಟೆಯ ದರವನ್ನಲ್ಲ, ಮರಿಯ ದರವನ್ನು ಲೆಕ್ಕ ಹಾಕತಕ್ಕದ್ದು. ಉದಾಹರಣೆಗಾಗಿ ಮಾತ್ರ: ತಲಾ 40 ರೂ.ಗಳಂತೆ 30 ಮೊಟ್ಟೆಗೆ 1,200 ರೂ., ಸಾಗಾಣಿಕೆಗೆ 300 ರೂ., ಒಟ್ಟು 1,500 ರೂ. ಇವುಗಳಲ್ಲಿ 3 ಒಡೆದು, 4 ಬರಡಾಗಿ, 8 ಚಿಪ್ಪಿನೊಳಗೇ ಸತ್ತರೆ ಉಳಿಯುವ ಮರಿಗಳು 15. ಅಂದರೆ ಒಂದು ಮರಿಗೆ 100 ರೂ. ಬಿದ್ದಂತಾಯಿತು. ಅದರಲ್ಲಿಯೂ ಸುಮಾರು ಅರ್ಧ ಹುಂಜಗಳೇ ಆಗಿರುತ್ತವೆ. ದೂರದಿಂದ ಬಂದ ಮೊಟ್ಟೆಗಳಲ್ಲಿ ಅರ್ಧದಷ್ಟು ಮರಿಯಾದರೆ ಅದು ತೃಪ್ತಿಕರ ಫಲಿತಾಂಶವೇ ಸರಿ.

ಹೊಸದಾಗಿ ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆ 2ರಿಂದ 3 ದಿನ ಅದಕ್ಕೆ ಆಹಾರವಾಗುವುದರಿಂದ, ಒಂದು ದಿನದ ಮರಿ ಮೊಟ್ಟೆಗಿಂತ ಸುರಕ್ಷಿತವಾಗಿ ಪ್ರಯಾಣಿಸುತ್ತದೆ. ಈ ಲೆಕ್ಕದ ದರಕ್ಕಿಂತ ಕಡಿಮೆ ಬೆಲೆಗೆ ಆರೋಗ್ಯವಂತ ಮರಿಗಳೇ ದೊರೆತಲ್ಲಿ ಅವುಗಳನ್ನು ಕೊಳ್ಳುವುದೇ ಲಾಭಕರ. ಸ್ವಸಹಾಯ ಗುಂಪಿನ ಉಳಿತಾಯದಿಂದಾಗಲಿ, ಸಾಲದಿಂದಾಗಲಿ ಹಣ ತೊಡಗಿಸುವವರು ಮೊದಲ ಬಾರಿಗೆ 10-12 ಮೊಟ್ಟೆಗಳಿಗಿಂತ ಹೆಚ್ಚು ತರಿಸದಿರುವುದು ಕ್ಷೇಮ.

7. ಮರಿಗಳ ಆರೈಕೆ ಮತ್ತು ಲಸಿಕೆ

ಮೊದಲ ವಾರ ಮರಿಗಳಿಗೆ 35 ಡಿಗ್ರಿ ಶಾಖ ಬೇಕು. ನಂತರ ವಾರಕ್ಕೆ ಸುಮಾರು 3 ಡಿಗ್ರಿ ತಗ್ಗಿಸಬೇಕು. ಬಾಂಟಮ್ ಮರಿ ತೀರ ಚಿಕ್ಕದಾದ್ದರಿಂದ ನೀರಿನ ತಟ್ಟೆಯಲ್ಲಿ ಬಿದ್ದು ಸಾಯದಂತೆ ಸಣ್ಣ ಹರಳುಗಳನ್ನು ಹಾಕಬೇಕು. 5ರಿಂದ 7ನೆಯ ದಿನದೊಳಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕು. ಲಸಿಕೆಯ ಒಂದು ಸೀಸೆಯಲ್ಲಿ ಹಲವು ಮರಿಗಳಿಗಾಗುವಷ್ಟು ಔಷಧಿ ಇದ್ದು, ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾಗುತ್ತದೆ. ಆದಕಾರಣ ನೆರೆಹೊರೆಯವರು ಒಟ್ಟಾಗಿ ಒಂದೇ ದಿನ ಬರುವುದು ಅನುಕೂಲ.

ವಿಶೇಷ ಸೂಚನೆ: ಹೊರಗಿನಿಂದ ಬಂದ ಮೊಟ್ಟೆಯ ಮರಿಗಳನ್ನು ಕನಿಷ್ಠ ಒಂದು ತಿಂಗಳು ಮನೆಯ ಇತರ ಕೋಳಿಗಳಿಂದ ಬೇರೆಯಾಗಿಡತಕ್ಕದ್ದು. ಮರಿಗಳು ಒಮ್ಮೆಲೇ ಸಾಯತೊಡಗಿದಲ್ಲಿ ಅವುಗಳನ್ನು ಬಯಲಿನಲ್ಲಿ ಎಸೆಯದೆ, ಮಾರದೆ, ತಡಮಾಡದೆ ಸಮೀಪದ ಪಶು ಆಸ್ಪತ್ರೆಗೆ ತಿಳಿಸುವುದು. ಹೆಚ್ಚಿನ ಮಾಹಿತಿಗಾಗಿ ತಮ್ಮ ವ್ಯಾಪ್ತಿಯ ಪಶುವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದು.