ಗುಡಿ ನೋಡಿದವರು ನಾಲೆಯನ್ನೂ ನೋಡಿ

ಕಾವೇರಿಯ ನೀರು ಕಾವೇರಿಯನ್ನೇ ದಾಟುವುದನ್ನು ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೆ ಬರಬೇಕು. ಇಲ್ಲಿನ ಬಂಗಾರದೊಡ್ಡಿ ನಾಲೆ ನದಿಗೆ ಅಡ್ಡ ಕಟ್ಟಿದ ಒಡ್ಡಿನಿಂದ ಹೊರಟು, ಮೇಲ್ಗಾಲುವೆಯಲ್ಲಿ ನದಿಯ ಕವಲನ್ನು ಹಾದು ದ್ವೀಪದ ಗದ್ದೆಗಳಿಗೆ ಇಳಿಯುತ್ತದೆ. 17ನೇ ಶತಮಾನದಲ್ಲಿ, ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಆದ ಕೆಲಸವಿದು. ರಂಗನಾಥನ ದರ್ಶನ ಮುಗಿಸಿ, 1784ರ ದರಿಯಾ ದೌಲತ್ ಅರಮನೆ ನೋಡಿ ಮೈಸೂರಿನತ್ತ ಹೊರಡುವ ಪ್ರವಾಸಿ ಬಸ್ಸುಗಳಲ್ಲಿ ಇದರ ಹೆಸರು ಕೇಳಿದವರು ಅಪರೂಪ.

ಹಳೆಯ ಕಟ್ಟಡ, ನಡುವೆ ಕಾಲುವೆ ಅಂದರೆ ನಮಗೆ ಮೊದಲು ನೆನಪಾಗುವುದು ಇಟಲಿ. ಅಲ್ಲಿ ವೆನಿಸ್ ಒಂದೇ ಅಲ್ಲ, ಟ್ರೆವಿಜೊದಂಥ ಸಣ್ಣ ಊರುಗಳಲ್ಲೂ ಮಧ್ಯಯುಗದ ಮನೆಗಳ ಗೋಡೆಗೆ ತಾಗಿ ನೀರು ಹರಿಯುತ್ತದೆ. ಮಿಲಾನಿನ ಮಹಾ ಚರ್ಚಿಗೆ ಬೇಕಾದ ಅಮೃತಶಿಲೆ ದೋಣಿಗಳಲ್ಲಿ ಬಂದದ್ದು ನವೀಲ್ಯೊ ಗ್ರಾಂದೆ ಎಂಬ ಕಾಲುವೆಯಲ್ಲಿ. ಅಲ್ಲಿಗೆ ಹೋದವರಿಗೆ ಚರ್ಚನ್ನೂ ತೋರಿಸುತ್ತಾರೆ, ಕಾಲುವೆಯನ್ನೂ ತೋರಿಸುತ್ತಾರೆ. ಮಂಡ್ಯ ಜಿಲ್ಲೆಯಲ್ಲಿ ಗುಡಿಗೂ ನೀರಿಗೂ ಇರುವ ನಂಟು ಅದಕ್ಕಿಂತ ಗಟ್ಟಿಯಾದದ್ದು. ನಮ್ಮ ಶಾಸನಗಳಲ್ಲಿ ದೇವರ ನಂದಾದೀಪಕ್ಕೆ, ನೈವೇದ್ಯಕ್ಕೆ ಬಿಟ್ಟ ದತ್ತಿ ಎಂದರೆ ಬಹುಪಾಲು ಕೆರೆಯ ಕೆಳಗಿನ ಗದ್ದೆಯೇ. ಗದ್ದೆಗೆ ನೀರು ಬಂದರೆ ಗುಡಿಯಲ್ಲಿ ದೀಪ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮಂಡ್ಯ ತಾಲ್ಲೂಕಿನ ಬಸರಾಳಿಗೆ ಹೋಗಿ. ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, 1234ರಲ್ಲಿ ಹರಿಹರ ದಣ್ಣಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಅಲ್ಲಿದೆ. ಮೂರು ಗರ್ಭಗುಡಿ, ಹೊರಗೋಡೆಯ ತುಂಬ ಆನೆಸಾಲು, ಪುರಾಣದ ಕಥೆಗಳು. ಬೇಲೂರಿನ ಜನಸಂದಣಿ ಇಲ್ಲಿಲ್ಲ, ಒಂದೊಂದು ಮೂರ್ತಿಯ ಮುಂದೆಯೂ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಮಂಡ್ಯ, ಮದ್ದೂರು, ಮಳವಳ್ಳಿಯ ಇಂದಿನ ಚಹರೆಯನ್ನು ಬರೆದದ್ದು ವಿ.ಸಿ. ನಾಲೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದದ್ದು 1931ರಲ್ಲಿ. ಅಲ್ಲಿಂದ ಹೊರಟ ನಾಲೆಗೆ ವೈಸ್‌ರಾಯ್ ಇರ್ವಿನ್ನರ ಹೆಸರಿಟ್ಟಿದ್ದರು, ಮುಂದೆ ಅದು ವಿಶ್ವೇಶ್ವರಯ್ಯ ನಾಲೆ, ಅಂದರೆ ವಿ.ಸಿ. ನಾಲೆಯಾಯಿತು. ದಾರಿಗೆ ಅಡ್ಡ ಬಂದ ಗುಡ್ಡವನ್ನು ಹುಲಿಕೆರೆಯ ಬಳಿ ಕೊರೆದು, ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ನೀರು ಹಾಯಿಸಿದರು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ, ಕಬ್ಬು ಎದ್ದವು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಮದ್ದೂರಿಗೆ ಬಂದವರು ವಡೆ ತಿಂದು ಹೆದ್ದಾರಿ ಹಿಡಿಯುತ್ತಾರೆ. ಶಿಂಷಾ ದಂಡೆಯ ಈ ಊರೊಳಗೆ ಹೊಯ್ಸಳರ ಕಾಲದ ಉಗ್ರನರಸಿಂಹನ ಗುಡಿಯಿದೆ, ಪಕ್ಕದಲ್ಲೇ ಆಳೆತ್ತರ ಮೀರಿದ ವರದರಾಜನ ಮೂರ್ತಿಯಿದೆ. ಅರ್ಧ ಗಂಟೆ ಕೊಟ್ಟರೆ ಸಾಕು. ಮಳವಳ್ಳಿಗೆ ಹೋದರೆ ಹತ್ತಿರದ ಮಾರೇಹಳ್ಳಿಯಲ್ಲಿ ಚೋಳರ ಕಾಲದ ಲಕ್ಷ್ಮೀನರಸಿಂಹ. ತಾಲ್ಲೂಕಿನ ಅಂಚಿನಲ್ಲಿ ಗಗನಚುಕ್ಕಿ ಜಲಪಾತ. ಅದರ ಮಗ್ಗುಲಲ್ಲೇ ಶಿವನಸಮುದ್ರದ ವಿದ್ಯುದಾಗಾರ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಾಗ.

ನಾಲೆಗೆ ನೀರು ಬಿಟ್ಟ ದಿನಗಳಲ್ಲಿ, ಮಳೆಗಾಲದ ಕೊನೆಯಲ್ಲಿ ಈ ಸುತ್ತಾಟ ಚೆಂದ. ಆದರೆ ಏರಿಯ ಮೇಲಿನ ರಸ್ತೆಯಲ್ಲಿ ಎಚ್ಚರ ತಪ್ಪಬಾರದು. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ತೀರಿಕೊಂಡರು. ತಡೆಗೋಡೆಯ ಬೇಡಿಕೆ ಪ್ರವಾಸಿಗರಿಗಿಂತ ಮೊದಲು ಊರಿನ ಮಕ್ಕಳಿಗಾಗಿ.

ಇನ್ನೊಂದು ಬೇಡಿಕೆ ರೈತರದು: ನಾಲೆಯನ್ನು ಸುಸ್ಥಿತಿಯಲ್ಲಿಡಿ. ಮದ್ದೂರು, ಮಳವಳ್ಳಿ ವಿ.ಸಿ. ನಾಲೆಯ ಕೊನೆ ಭಾಗದ ತಾಲ್ಲೂಕುಗಳು. ಮೇಲೆ ಹೂಳು ತುಂಬಿದರೆ, ತೂಬು ಕೆಟ್ಟರೆ ಇಲ್ಲಿನ ಪೈರು ಒಣಗುತ್ತದೆ. ಕಲ್ಲಿನ ಗುಡಿಗೆ ಪುರಾತತ್ವ ಇಲಾಖೆಯ ಬೇಲಿ, ಫಲಕ, ಕಾವಲುಗಾರ ಇದ್ದಾರೆ. ಮುನ್ನೂರು ವರ್ಷ ದಾಟಿದ ಬಂಗಾರದೊಡ್ಡಿಗೆ, ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆಗೆ ಆ ಮರ್ಯಾದೆ ಏಕೆ ಬೇಡ? ಇವು ನಿಂತುಹೋದ ಚರಿತ್ರೆಯಲ್ಲ, ಇವತ್ತಿಗೂ ದುಡಿಯುತ್ತಿರುವ ಕಟ್ಟಡಗಳು. ಅವುಗಳ ಪಕ್ಕದಲ್ಲಿ ಕಟ್ಟಿದವರ ಹೆಸರು, ಕಾಲ, ನೀರು ಹೋಗುವ ಊರುಗಳನ್ನು ಬರೆದ ಫಲಕ ನಿಲ್ಲಲಿ. ಶಾಲೆಯ ಪ್ರವಾಸದ ಪಟ್ಟಿಯಲ್ಲಿ ಗುಡಿ, ಅರಮನೆಗಳ ಜೊತೆಗೆ ಒಂದು ಒಡ್ಡು, ಒಂದು ತೂಬು ಸೇರಲಿ. ನೀರು ಎಲ್ಲಿಂದ ಬರುತ್ತದೆಂದು ಬಲ್ಲ ಮಕ್ಕಳು ನಾಳೆ ಅದನ್ನು ಕಾಯುತ್ತಾರೆ.