ಅಜ್ಜನ ಕೇಪಿನ ಕೋವಿ ಕೈಗೆ ಬಂದಾಗ

ಕೊಡಗು, ಮಲೆನಾಡಿನ ಹಳೆ ಮನೆಗಳಲ್ಲಿ ಗೋಡೆಗೆ ತೂಗಿರುವ ಕೇಪಿನ ಕೋವಿ ಇಂದು ನಿಮ್ಮ ಪಾಲಿಗೆ ಬಂದಿದ್ದರೆ, ಒರೆಸುವ ಮೊದಲು ಒಳಗೆ ಈಡು ಉಳಿದಿದೆಯೇ ನೋಡಿ. ಕರಿಮದ್ದು ಒಣಗಿಯೇ ಇದ್ದರೆ ನೂರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ಕೇಪಿನ ಮೇಲೆ ಬಡಿಯುವ ಕುದುರೆಯನ್ನೂ ಟ್ರಿಗರನ್ನೂ ಮುಟ್ಟಬೇಡಿ. ನಳಿಗೆಯ ಬಾಯಿಗೆ ಮುಖ, ಕೈ ಅಡ್ಡ ಬಾರದಂತೆ ಪಕ್ಕದಲ್ಲಿ ನಿಂತು, ಮರದ ಕಡ್ಡಿಯೊಂದನ್ನು ಮೆಲ್ಲಗೆ ಒಳಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆದು, ಗುರುತು ಬಾಯಿಗೆ ಸರಿಯಾಗುವಂತೆ ನಳಿಗೆಯ ಹೊರಮೈಗೆ ಹಿಡಿಯಿರಿ. ತುದಿ ಕೇಪು ಕೂರುವ ಜಾಗದವರೆಗೂ ಬರಬೇಕು. ಎರಡು ಬೆರಳು ಮೊದಲೇ ನಿಂತಿತೋ, ಒಳಗೇನೋ ಇದೆ. ಕೆದಕಲು ಹೋಗದೆ ಪರವಾನಗಿ ಪಡೆದ ಕೋವಿ ರಿಪೇರಿಯವರಿಗೆ ತಿಳಿಸಿ.

'ಹಳೆಯದು ತಾನೇ, ಲೈಸೆನ್ಸ್ ಯಾಕೆ?' ಎನ್ನುವವರು ಬಹಳ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡುವುದು ರಿಪೇರಿ ಮಾಡಿದರೂ ಹಾರದಂಥ ಕೋವಿಯನ್ನು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆ. ಅದರ ಬೇರು 1861ರಷ್ಟು ಹಿಂದಿನದು. ಉಳಿದ ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಆಗುವವರೆಗೆ ಕೋವಿಯನ್ನು ಠಾಣೆಗೋ ಪರವಾನಗಿ ಪಡೆದ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು.

ಒಪ್ಪಿಸುವ ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಪ್ರತಿ ಮುದ್ರೆಯ ಫೋಟೊ ತೆಗೆದಿಡಿ. ಕೋವಿಯ ಜಾತಕ ಇರುವುದು ಅಲ್ಲೇ. ನಾಲ್ಕು ಭಾಗವಾದ ಹೃದಯದ ಚಿಹ್ನೆ ಈಸ್ಟ್ ಇಂಡಿಯಾ ಕಂಪನಿಯದು. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲಿ ಅದರ ಜಾಗಕ್ಕೆ ನಿಂತ ಸಿಂಹ ಬಂತು. ಕಿರೀಟದ ಕೆಳಗೆ ಅಡ್ಡಡ್ಡ ಹಾಯ್ದ ರಾಜದಂಡಗಳಿದ್ದರೆ ನಳಿಗೆ ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾಗಿರಬಹುದು. ಅಲ್ಲಿನ ಪರೀಕ್ಷಾಲಯ ಶುರುವಾದದ್ದು 1813ರಲ್ಲಿ. ಲಂಡನ್ ಟವರನ್ನು ಸೂಚಿಸುವ 'ಟವರ್' ಎಂಬ ಪದವೊಂದನ್ನೇ ನಂಬಬೇಡಿ. ಆ ಹೆಸರು ಕೆತ್ತಿದ ನಕಲುಗಳು ಧಾರಾಳವಾಗಿವೆ.

ಈ ಮುದ್ರೆಗಳು ಕೂದಲೆಳೆಯಷ್ಟೇ ಆಳ. ಹುಣಸೆಹಣ್ಣು, ಇಟ್ಟಿಗೆ ಪುಡಿ, ಉಪ್ಪುಕಾಗದ ಹಾಕಿ ಫಳಫಳ ಉಜ್ಜಿದರೆ ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತವೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗಟ್ಟಿಯಾಗಿ ಕೂತ ಕಂದು ಬಣ್ಣ ವಯಸ್ಸಿನದು, ಅದು ಇರಲಿ. ಬೆರಳಿಗೆ ಪುಡಿಯಾಗಿ ಹತ್ತುವ ಕೆಂಪು ತುಕ್ಕು ಮಾತ್ರ ಹೋಗಬೇಕು: ತೆಳು ಮೆಷಿನ್ ಎಣ್ಣೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಹತ್ತಿಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಮರದ ಹಿಡಿಗೆ ವಾರ್ನಿಷ್ ಬೇಡ. ಚರ್ಮದ ಚೀಲದಲ್ಲಂತೂ ಇಡಲೇಬೇಡಿ. ಚರ್ಮ ತೇವ ಹೀರಿ ಕಬ್ಬಿಣಕ್ಕೆ ದಾಟಿಸುತ್ತದೆ.

ಜಡಿಮಳೆಗೆ ಮುಂಚೆ ಒಮ್ಮೆ, ಸೆಪ್ಟೆಂಬರಿನಲ್ಲಿ ಕೊಡಗಿನವರು ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಇನ್ನೊಮ್ಮೆ ಎಣ್ಣೆ ಹಚ್ಚಿದರೆ ಸಾಕು.