ದ್ವೀಪ ಪುಟ್ಟದು, ರನ್‌ವೇ ಉದ್ದ: ಬಾರ್ಬುಡಾದ ಹೊಸ ವಿಮಾನ ನಿಲ್ದಾಣ ಯಾರಿಗಾಗಿ?

2024ರ ಜೂನ್ 29 ನೆನಪಿದೆ ಅಲ್ವಾ? ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ನಮ್ಮವರು ಟಿ20 ವಿಶ್ವಕಪ್ ಗೆದ್ದ ದಿನ. ಕೋಚ್ ರಾಹುಲ್ ದ್ರಾವಿಡ್ ಕಪ್ ಎತ್ತಿ ಕೂಗಿದ ವಿಡಿಯೊವನ್ನ ನಾನಂತೂ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಆದರೆ ಗೆದ್ದವರು ತಕ್ಷಣ ಮನೆಗೆ ಬರೋಕಾಗಲಿಲ್ಲ. ಬೆರಿಲ್ ಚಂಡಮಾರುತ ಬಂತು, ವಿಮಾನ ನಿಲ್ದಾಣ ಮುಚ್ಚಿತು. ವಿಶೇಷ ವಿಮಾನ ಹೋಗಿ, ತಂಡ ದೆಹಲಿಗೆ ಇಳಿಯುವಾಗ ಜುಲೈ 4ರ ಬೆಳಿಗ್ಗೆ.

ದ್ವೀಪದಲ್ಲಿ ವಿಮಾನ ನಿಲ್ದಾಣ ಅಂದ್ರೆ ಅದು ಬಾಗಿಲು. ನಮಗೆ ಬಸ್ಸಿಲ್ಲದಿದ್ದರೆ ರೈಲು, ರೈಲಿಲ್ಲದಿದ್ದರೆ ಬೈಕ್. ಅಲ್ಲಿ ಸುತ್ತ ಸಮುದ್ರ. ಹಾಗಾಗಿ ಒಂದು ಪುಟ್ಟ ದ್ವೀಪ ದೊಡ್ಡ ವಿಮಾನ ನಿಲ್ದಾಣ ಕಟ್ಟಿಕೊಂಡ್ರೆ ಯಾರಿಗಾದರೂ ಖುಷಿಯೇ ಆಗಬೇಕು. ಆದರೆ ಅದೇ ಕೆರಿಬಿಯನ್‌ನ ಇನ್ನೊಂದು ದ್ವೀಪದಲ್ಲಿ ಇಬ್ಬರು ನಿವಾಸಿಗಳು ಹೊಸ ರನ್‌ವೇ ವಿಚಾರಕ್ಕೆ ಲಂಡನ್‌ನ ನ್ಯಾಯಪೀಠದವರೆಗೆ ಹೋದರು. ಯಾಕೆ? ಇವತ್ತು ಅದನ್ನೇ ಬಿಡಿಸಿ ನೋಡೋಣ.

ಆ ದ್ವೀಪದ ಹೆಸರು ಬಾರ್ಬುಡಾ. ಗಮನಿಸಿ, ಬಾರ್ಬಡೋಸ್ ಬೇರೆ, ಬಾರ್ಬುಡಾ ಬೇರೆ. ಇದು ಆಂಟಿಗುವಾ ಮತ್ತು ಬಾರ್ಬುಡಾ ಅನ್ನೋ ಜೋಡಿ ದ್ವೀಪ ದೇಶದ ಚಿಕ್ಕ ಭಾಗ. ವಿಸ್ತೀರ್ಣ ಸುಮಾರು 160 ಚದರ ಕಿಲೋಮೀಟರ್, ಜನಸಂಖ್ಯೆ ಎರಡು ಸಾವಿರವೂ ಇಲ್ಲ. ಇರೋದು ಕಾಡ್ರಿಂಗ್ಟನ್ ಅನ್ನೋ ಒಂದೇ ಊರು. ದೊಡ್ಡ ಆಸ್ಪತ್ರೆಗೆ, ಸರ್ಕಾರಿ ಕಚೇರಿಗೆ ಹೋಗಬೇಕಂದ್ರೆ ದಕ್ಷಿಣಕ್ಕಿರುವ ಆಂಟಿಗುವಾಕ್ಕೆ ದೋಣಿಯಲ್ಲೋ ಪುಟ್ಟ ವಿಮಾನದಲ್ಲೋ ಹೋಗಬೇಕು. ಊರಿನ ಪಕ್ಕದಲ್ಲೇ ಹಳೇ ವಿಮಾನ ನಿಲ್ದಾಣ ಇತ್ತು. ಅದರ ಗಿಡ್ಡ ರನ್‌ವೇಯಲ್ಲಿ ಸಣ್ಣ ವಿಮಾನಗಳು ಮಾತ್ರ ಇಳಿಯುತ್ತಿದ್ದವು.

ಈಗ ನೀವೇ ಪ್ಲ್ಯಾನ್ ಮಾಡೋ ಎಂಜಿನಿಯರ್ ಅಂದುಕೊಳ್ಳಿ. ಮೊದಲ ಪ್ರಶ್ನೆ: ಯಾವ ವಿಮಾನ ಇಳಿಯಬೇಕು? ಉಳಿದ ಲೆಕ್ಕವೆಲ್ಲ ಅಲ್ಲಿಂದಲೇ ಶುರು. 19 ಸೀಟಿನ ಟ್ವಿನ್ ಆಟರ್ ವಿಮಾನಕ್ಕೆ ಕೆಲವು ನೂರು ಮೀಟರ್ ಸಾಕು. ಅದೇ ಕೆರಿಬಿಯನ್‌ನ ಸಾಬಾ ದ್ವೀಪದ ರನ್‌ವೇ ಬರೀ 400 ಮೀಟರ್, ಅಲ್ಲಿ ದಿನವೂ ವಿಮಾನ ಓಡುತ್ತೆ. ಸುಮಾರು 70 ಸೀಟಿನ ಎಟಿಆರ್‌ಗೆ ಸಾವಿರದ ಮುನ್ನೂರು ಮೀಟರ್ ಆಸುಪಾಸು ಬೇಕು. ಏರ್‌ಬಸ್ 320 ತರಹದ ಜೆಟ್ ತುಂಬಿಕೊಂಡು ಹೊರಡಬೇಕಂದ್ರೆ ಎರಡು ಕಿಲೋಮೀಟರ್ ಮತ್ತು ಮೇಲೆ. ಬಿಸಿಲು ಹೆಚ್ಚಾದಷ್ಟೂ ಗಾಳಿ ತೆಳುವಾಗುತ್ತೆ, ಆಗ ಇನ್ನೂ ಉದ್ದ ಬೇಕು.

ಎರಡನೆಯದು ಗಾಳಿಯ ದಿಕ್ಕು. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಕೆರಿಬಿಯನ್‌ನಲ್ಲಿ ವರ್ಷದ ಬಹುಪಾಲು ಪೂರ್ವದಿಂದ ಗಾಳಿ ಬೀಸುತ್ತೆ. ಹಾಗಾಗಿ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿರಬೇಕು. ನಕ್ಷೆ ಮೇಲೆ ಜಾಗ ಎಷ್ಟೇ ಇದ್ದರೂ ಈ ದಿಕ್ಕಿಗೆ ಹೊಂದೋ ಜಾಗ ಒಂದೋ ಎರಡೋ ಸಿಗಬಹುದು.

ಮೂರನೆಯದು ರನ್‌ವೇ ತುದಿಯ ಸುರಕ್ಷತಾ ಪ್ರದೇಶ. ವಿಮಾನ ನಿಲ್ಲದೆ ಮುಂದೆ ಜಾರಿದರೆ ಅದನ್ನು ತಡೆದುಕೊಳ್ಳುವ ಖಾಲಿ ಜಾಗ. ಇದರ ಬೆಲೆ ಕರ್ನಾಟಕದವರಿಗೆ ಹೇಳಿಕೊಡಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಈ ಜಾಗ ಕನಿಷ್ಠ 90 ಮೀಟರ್ ಇರಬೇಕು, ದೊಡ್ಡ ರನ್‌ವೇಗೆ 240 ಮೀಟರ್ ಇದ್ದರೆ ಒಳ್ಳೆಯದು. ಇದರ ಜೊತೆಗೆ ಬೇಲಿ, ರಸ್ತೆ, ಟರ್ಮಿನಲ್, ಇಂಧನದ ಟ್ಯಾಂಕ್, ಅಗ್ನಿಶಾಮಕ. ಸುತ್ತ ಎತ್ತರದ ಕಟ್ಟಡ ಬರುವಂತಿಲ್ಲ.

ಅಂದ್ರೆ ರನ್‌ವೇಗೆ ಗೆರೆ ಎಳೆದ ದಿನವೇ ಆ ದ್ವೀಪದ ಜಮೀನಿನಲ್ಲಿ ಎಲ್ಲಿ ಏನಿರಬೇಕು ಅನ್ನೋದೂ ಅರ್ಧ ತೀರ್ಮಾನವಾದಂತೆ. ಗುಡ್ಡಗಾಡಿನ ದ್ವೀಪವಾದರೆ ಕಷ್ಟ ಎದ್ದು ಕಾಣುತ್ತೆ. ಸೇಂಟ್ ವಿನ್ಸೆಂಟ್ ದ್ವೀಪದ ಅರ್ಗೈಲ್‌ನಲ್ಲಿ 2008ರಲ್ಲಿ ಕೆಲಸ ಶುರುವಾಯಿತು. ಗುಡ್ಡ ಕಡಿದು, ಕಣಿವೆ ತುಂಬಿಸಿ, ನೂರಕ್ಕೂ ಹೆಚ್ಚು ಮನೆಗಳನ್ನ ಬಿಡಿಸಿ 2,743 ಮೀಟರ್ ರನ್‌ವೇ ಮಾಡಿದರು. ಉದ್ಘಾಟನೆ ಆಗಿದ್ದು 2017ರ ಫೆಬ್ರವರಿ 14ಕ್ಕೆ.

ಬಾರ್ಬುಡಾದಲ್ಲಿ ಈ ತೊಂದರೆ ಇಲ್ಲ, ದ್ವೀಪ ತಟ್ಟೆಯಂತೆ ಸಪಾಟು. ಅಲ್ಲಿನ ಕಗ್ಗಂಟು ಜಮೀನು ಯಾರದ್ದು ಅನ್ನೋದು.

ಇದಕ್ಕೆ ಸ್ವಲ್ಪ ಇತಿಹಾಸ ಬೇಕು. 1685ರಿಂದ ಕಾಡ್ರಿಂಗ್ಟನ್ ಅನ್ನೋ ಇಂಗ್ಲಿಷ್ ಕುಟುಂಬ ಬ್ರಿಟಿಷ್ ರಾಜಸತ್ತೆಯಿಂದ ಇಡೀ ದ್ವೀಪವನ್ನ ಗುತ್ತಿಗೆಗೆ ಪಡೆದಿತ್ತು. ಆಫ್ರಿಕಾದಿಂದ ತಂದ ಗುಲಾಮರು ಅಲ್ಲಿ ದುಡಿದರು. 1834ರಲ್ಲಿ ಗುಲಾಮಗಿರಿ ಹೋಯಿತು. ಬಿಡುಗಡೆಯಾದವರು ಅಲ್ಲೇ ಉಳಿದು ಭೂಮಿಯನ್ನ ಎಲ್ಲರದ್ದು ಅಂತ ಬಳಸಿಕೊಂಡು ಬಂದರು. ಮನೆ ಕಟ್ಟೋಕೆ, ಬೆಳೆಗೆ, ದನ ಮೇಯಿಸೋಕೆ, ಬೇಟೆಗೆ ಎಲ್ಲಕ್ಕೂ ಅದೇ ನೆಲ. ನಮ್ಮ ಗೋಮಾಳ ಗೊತ್ತಲ್ಲ? ಇಡೀ ದ್ವೀಪವೇ ಹೆಚ್ಚುಕಡಿಮೆ ಹಾಗೆ ಅಂದುಕೊಳ್ಳಿ. 2007ರ ಬಾರ್ಬುಡಾ ಭೂ ಕಾಯ್ದೆ ಇದನ್ನೇ ಬರೆದಿಟ್ಟಿತು: ಭೂಮಿ ಬಾರ್ಬುಡಾ ಜನರಿಗೆ ಸಾಮೂಹಿಕವಾಗಿ ಸೇರಿದ್ದು, ದೊಡ್ಡ ಯೋಜನೆ ಬಂದರೆ ಜನರ ಒಪ್ಪಿಗೆ ಬೇಕು.

ಹತ್ತು ವರ್ಷ ಕಳೆಯಿತು. 2017ರ ಸೆಪ್ಟೆಂಬರ್ 6ಕ್ಕೆ ಇರ್ಮಾ ಚಂಡಮಾರುತ ನೇರವಾಗಿ ಬಾರ್ಬುಡಾ ಮೇಲೆ ಬಂತು. ಗಾಳಿಯ ವೇಗ ಗಂಟೆಗೆ 280 ಕಿಲೋಮೀಟರ್ ದಾಟಿತ್ತು. ಬಹುತೇಕ ಕಟ್ಟಡಗಳು ಹಾಳಾದವು. ಹಿಂದೆಯೇ ಹೋಸೆ ಅನ್ನೋ ಇನ್ನೊಂದು ಚಂಡಮಾರುತ ಬರುವ ಭಯದಲ್ಲಿ ಎಲ್ಲರನ್ನೂ ಆಂಟಿಗುವಾಕ್ಕೆ ಸಾಗಿಸಿದರು. ಇಡೀ ದ್ವೀಪ ಖಾಲಿ.

ಜನ ಇನ್ನೂ ಅಲ್ಲಿ ತಾತ್ಕಾಲಿಕ ಶಿಬಿರಗಳಲ್ಲಿ, ನೆಂಟರ ಮನೆಗಳಲ್ಲಿ ಇದ್ದಾಗಲೇ ಇಲ್ಲಿ ಬುಲ್ಡೋಜರ್ ಬಂದವು. ಹೊಸ ವಿಮಾನ ನಿಲ್ದಾಣಕ್ಕೆ ನೆಲ ಸವರುವ ಕೆಲಸ ಶುರುವಾಯಿತು. ಅದೇ ಹೊತ್ತಿಗೆ ಪ್ರಧಾನಿ ಗ್ಯಾಸ್ಟನ್ ಬ್ರೌನ್ ಅವರ ಸರ್ಕಾರ ಸಾಮೂಹಿಕ ಒಡೆತನದ ವ್ಯವಸ್ಥೆಯನ್ನೇ ಬದಲಿಸೋಕೆ ಹೊರಟಿತು.

ಸರ್ಕಾರದ ಮಾತನ್ನೂ ಕೇಳಬೇಕು. ಹಕ್ಕುಪತ್ರ ಇದ್ದರೆ ಬ್ಯಾಂಕ್ ಸಾಲ ಸಿಗುತ್ತೆ, ಮನೆ ಮತ್ತೆ ಕಟ್ಟಬಹುದು. ದೊಡ್ಡ ರನ್‌ವೇ ಇದ್ದರೆ ಪ್ರವಾಸಿಗರು ನೇರವಾಗಿ ಬರ್ತಾರೆ, ಕೆಲಸ ಸಿಗುತ್ತೆ. ಈ ವಾದದಲ್ಲಿ ಹುರುಳಿದೆ. ಮುಂದಿನ ಚಂಡಮಾರುತಕ್ಕೆ ಪರಿಹಾರ ಸಾಮಗ್ರಿಯ ವಿಮಾನ ಇಳಿಯೋಕೂ ಉದ್ದದ ರನ್‌ವೇ ಬೇಕೇ ಬೇಕು.

ಆದರೆ ಒಂದು ಸಣ್ಣ ಲೆಕ್ಕ ಮಾಡಿ. 70 ಸೀಟಿನ ಒಂದೇ ವಿಮಾನ ದಿನಕ್ಕೊಮ್ಮೆ ಬಂದರೆ ವರ್ಷಕ್ಕೆ 25,550 ಸೀಟು. ಎರಡು ಸಾವಿರ ಜನರೂ ಇಲ್ಲದ ದ್ವೀಪದವರೇ ಅದನ್ನ ತುಂಬಿಸೋಕೆ ಆಗುತ್ತಾ? ತುಂಬಿಸಬೇಕಾದವರು ಪ್ರವಾಸಿಗರು. ಅಷ್ಟು ಪ್ರವಾಸಿಗರು ಉಳಿಯೋಕೆ ಕಡಲತೀರದಲ್ಲಿ ರೆಸಾರ್ಟ್ ಬೇಕು, ರೆಸಾರ್ಟ್‌ಗೆ ಮತ್ತೆ ಜಮೀನು ಬೇಕು. ಐಷಾರಾಮಿ ರೆಸಾರ್ಟ್ ಯೋಜನೆಗಳು ಆಗಲೇ ಬಾರ್ಬುಡಾಕ್ಕೆ ಬಂದಿದ್ದವು, ಹಾಲಿವುಡ್ ನಟ ರಾಬರ್ಟ್ ಡಿ ನಿರೋ ಪಾಲುದಾರರಾಗಿರುವುದೂ ಅದರಲ್ಲಿ ಒಂದು. ಊರವರ ಅಗತ್ಯ ಬೇರೆ ತರಹದ್ದು: ಆಂಟಿಗುವಾಕ್ಕೆ ದಿನಕ್ಕೆ ಹಲವು ಸಲ, ಕಡಿಮೆ ದರಕ್ಕೆ, ಚಿಕ್ಕ ವಿಮಾನ ಅಥವಾ ದೋಣಿ.

ಇನ್ನೊಂದು ವಿಷಯ ನೆಲದಡಿಯದ್ದು. ಬಾರ್ಬುಡಾ ಸುಣ್ಣಕಲ್ಲಿನ ದ್ವೀಪ. ಇಂಥ ಕಲ್ಲಿನಲ್ಲಿ ಮಳೆನೀರು ಇಳಿದು ಟೊಳ್ಳು, ಗುಹೆ ಆಗಿರುತ್ತವೆ. ಕುಡಿಯುವ ನೀರಿನ ಸಂಗ್ರಹವೂ ಅಲ್ಲೇ. ಹಾಗಾಗಿ ರನ್‌ವೇಗೆ ಮೊದಲು ನೆಲದ ಪರೀಕ್ಷೆ, ಪರಿಸರ ಪರಿಣಾಮದ ಅಧ್ಯಯನ ಆಗಲೇಬೇಕು. ಇದು ಬರೀ ಕಾಗದದ ಕೆಲಸ ಅಲ್ಲ.

ಅಧ್ಯಯನ ಸರಿಯಾಗಿ ಆಗುವ ಮೊದಲೇ ಕೆಲಸ ಶುರುಮಾಡಿದ್ದಾರೆ ಅನ್ನೋದೇ ಆ ಇಬ್ಬರು ನಿವಾಸಿಗಳ ತಕರಾರು. ಅವರಲ್ಲಿ ಒಬ್ಬರು ಸಮುದ್ರ ಜೀವವಿಜ್ಞಾನಿ, ಇನ್ನೊಬ್ಬರು ನಿವೃತ್ತ ಶಿಕ್ಷಕಿ. 2018ರಲ್ಲಿ ಕೋರ್ಟ್ ಮೆಟ್ಟಿಲೇರಿದರು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ, ಈ ಕೇಸ್ ಹಾಕುವ ಅರ್ಹತೆಯೇ ಇವರಿಗಿಲ್ಲ ಎಂದಿತು. ಪ್ರಕರಣ ಲಂಡನ್‌ನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. ಆ ದೇಶಕ್ಕೆ ಇವತ್ತಿಗೂ ಕೊನೆಯ ನ್ಯಾಯಾಲಯ ಅದೇ. 2024ರ ಫೆಬ್ರವರಿ 27ಕ್ಕೆ ತೀರ್ಪು ಬಂತು: ದ್ವೀಪದಲ್ಲಿ ಬದುಕುವ, ವಿಷಯ ತಿಳಿದ ಇವರಿಗೆ ಪ್ರಶ್ನಿಸುವ ಅರ್ಹತೆ ಇದೆ.

ಜಯವೇ. ಆದರೆ ದಿನಾಂಕಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಬುಲ್ಡೋಜರ್ ಬಂದಿದ್ದು 2017ರಲ್ಲಿ, ಕೇಳುವ ಅರ್ಹತೆ ಸಿಕ್ಕಿದ್ದು 2024ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಮಾರು 6,100 ಅಡಿಯ, ಅಂದ್ರೆ 1,860 ಮೀಟರ್ ರನ್‌ವೇ ಇರುವ ಹೊಸ ನಿಲ್ದಾಣ ಉದ್ಘಾಟನೆಯೂ ಆಯಿತು. ಕೇಸ್ ಕೇಳಬಹುದು ಎನ್ನುವ ಹೊತ್ತಿಗೆ ಡಾಂಬರು ಬಿದ್ದಾಗಿತ್ತು.

ನನಗೆ ಇದರಲ್ಲಿ ಕಾಡೋದು ಕ್ರಮದ ವಿಚಾರ. ವಿಮಾನ ನಿಲ್ದಾಣ ಬೇಡ ಅಂತ ನಾನು ಹೇಳ್ತಿಲ್ಲ, ಆ ಬಾಗಿಲು ಬಾರ್ಬುಡಾದವರಿಗೂ ಬೇಕು. ಯಾವ ವಿಮಾನ, ಯಾರ ಪ್ರಯಾಣಕ್ಕೆ, ಯಾರ ನೆಲದಲ್ಲಿ, ನೆಲದಡಿ ಏನಿದೆ ಅನ್ನೋ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಯಂತ್ರ ಬರಬೇಕು. ಜನ ಊರಲ್ಲಿ ಇರುವಾಗ ಬರಬೇಕು. ಚಂಡಮಾರುತಕ್ಕೆ ಮನೆ ಕಳೆದುಕೊಂಡು ಸಮುದ್ರದಾಚೆ ಕೂತವರು ಯಾವ ಸಭೆಗೆ ಬಂದು ಕೈ ಎತ್ತೋಕೆ ಆಗುತ್ತೆ ಹೇಳಿ?

ನಿಮ್ಮೂರ ಹತ್ತಿರ ಇಂಥ ಯೋಜನೆ ಬಂದಿದ್ದರೆ, ಈ ನಾಲ್ಕರಲ್ಲಿ ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲ ಅಂತ ನಮಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.